ಹೊತ್ತು ಮುಳುಗಿದ ಮೇಲಿನ ತುತ್ತು

ಗಾಜಿನ ಮೇಜಿನ ಕೆಳಗೆ ಟ್ಯೂಬ್‌ಲೈಟು ಉರಿಯುತ್ತಿತ್ತು, ಗಾಜಿನ ಮೇಲೆ ಮಗ್ಗದಿಂದ ಇಳಿದ ಬಿಳಿ ಬಟ್ಟೆ ಸರಿಯುತ್ತಿತ್ತು, ಬಟ್ಟೆಯ ಜೊತೆ ನೂತನಳ ಕಣ್ಣು ಸರಿಯುತ್ತಿತ್ತು. ತಪ್ಪಿದ ಎಳೆ ಬಂದರೆ ಬೆರಳು ತಾನಾಗಿ ನಿಲ್ಲಬೇಕು. ಇಷ್ಟು ವರ್ಷ ನಿಂತಿದೆ. ಇವತ್ತು ನಿಲ್ಲುತ್ತಿರಲಿಲ್ಲ. ಶೆಡ್ಡಿನ ತಗಡಿನಲ್ಲಿ ಮೊಳೆ ಕಿತ್ತುಹೋದ ಜಾಗದಿಂದ ಬಿಸಿಲಿನ ಒಂದು ಬಿಲ್ಲೆ ಬಿದ್ದು, ಬೆಳಗಿನಿಂದ ಗೋಡೆ ಇಳಿದು, ನೆಲ ದಾಟಿ, ಈಗ ಬಟ್ಟೆಯ ಗಂಟುಗಳನ್ನು ಹತ್ತತೊಡಗಿತ್ತು. ಅವಳು ನೋಡುತ್ತಿದ್ದುದು ಅದನ್ನು. ಕಾರ್ತಿಕದ ಹೊತ್ತು ಬೇಗ ಇಳಿಯುತ್ತದೆ. ಇಳಿಯುವುದರೊಳಗೆ ಯೇಸುವಿನ ಸಭೆಯ ಮೇಜಿನ ಮುಂದೆ ಎಲ್ಲರೂ ನೋಡುವಂತೆ ಒಂದು ಚೂರು ಪಾವುರೊಟ್ಟಿ ಬಾಯಿಗೆ ಹಾಕಿ ನುಂಗಬೇಕು. ಅಷ್ಟೇ. ಅಷ್ಟೇ ಎಂದು ಗಂಡ ಅವಿನಾಶ ಬೆಳಿಗ್ಗೆ ಗೋಕುಳ ಶಿರಗಾಂವದ ಫೌಂಡ್ರಿಗೆ ಹೋಗುವಾಗ ಗಾಡಿಯ ಮೇಲೆ ಕೂತು ಹೇಳಿದ್ದ, ಹೆಲ್ಮೆಟ್ಟಿನೊಳಗಿಂದ, ಮುಖ ಕಂಡಿರಲಿಲ್ಲ. ಭಾನುವಾರವಾದರೂ ಅವನಿಗೆ ಅರ್ಧ ದಿನದ ಕೆಲಸವಿತ್ತು. ಇಚಲಕರಂಜಿಯ ಮಗ್ಗಗಳಿಗಂತೂ ಭಾನುವಾರ ಗೊತ್ತಿಲ್ಲ.

ಶೆಡ್ಡಿನ ಮಾಲಕ ಅಭಯಕುಮಾರ ಅವಳ ತವರಿನ ಕಡೆಯ ಜೈನ. ಬೇಗ ಹೋಗಬೇಕಿತ್ತು ಎಂದು ಕೇಳಿಕೊಂಡಾಗ ಕಾರಣವನ್ನೂ ಕೇಳಲಿಲ್ಲ, ತಾನೇ ಊಹಿಸಿಕೊಂಡು ನಕ್ಕ. "ನಡೀವಾ, ಹೊತ್ತು ಮುಳಗೂದ್ರಾಗ ಉಣಬೇಕಲ್ಲ ನೀ. ಎಲ್ಲಿ ಹೋಗಿ ಬಿದ್ರೂ ಬಾಯಿ ಮಾತ್ರ ನಮ್ಮದ ಉಳಸ್ಕೊಂಡಿ ನೋಡು." ಹೊಗಳಿಕೆಯೋ ಚುಚ್ಚುಮಾತೋ, ಎರಡಕ್ಕೂ ಒಂದೇ ಉತ್ತರವೆಂಬಂತೆ ಅವಳು ತಲೆ ಆಡಿಸಿ ಚಪ್ಪಲಿ ಹುಡುಕಿದಳು. ಓಣಿಯ ಎರಡೂ ಬದಿಗೆ ಮಗ್ಗಗಳು ಬಡಿಯುತ್ತಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಈಗ ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತದೆ. ತನ್ನೊಳಗೂ ಹಾಗೆ ಏನೋ ನಿಂತಿದೆ, ಆದರೆ ಎಚ್ಚರವಾಗುತ್ತಿಲ್ಲ ಎಂದು ಅವಳಿಗೆ ಅನಿಸಿತು.

ಹಿಂದಿನ ತಿಂಗಳು ಸಭೆಯಲ್ಲಿ ಪ್ರಭುವಿನ ಮೇಜು ಹಾಕಿದ ದಿನ ಹಿಂದೆ ಕೂತಿದ್ದ ಸಭೆಯ ಹಳೆಯ ಹೆಂಗಸು ಹೀರಾಬಾಯಿಗೆ ಕಂಡಿತ್ತು. ಪಾಸ್ಟರ್ ಕೊಟ್ಟ ರೊಟ್ಟಿಯ ಚೂರನ್ನು ನೂತನ ಬಾಯಿಯವರೆಗೆ ಒಯ್ದಂತೆ ಮಾಡಿ ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡದ್ದು, ದ್ರಾಕ್ಷಿರಸದ ಪುಟ್ಟ ಲೋಟವನ್ನು ತುಟಿಗೆ ಮುಟ್ಟಿಸಿ ಇದ್ದಂತೆಯೇ ಇಟ್ಟದ್ದು. ಸ್ನಾನದೀಕ್ಷೆ ಆದಾಗಿನಿಂದ ಪ್ರತಿ ತಿಂಗಳೂ ಅವಳು ಮಾಡುತ್ತಿದ್ದುದು ಅದೇ. ಹೀರಾಬಾಯಿ ಪಾಸ್ಟರ್ ಮುಂದೆ ಏನು ಹೇಳಿದಳೋ, ಮಾತು ಓಣಿಯಲ್ಲಿ ತಿರುಗಿ ಬರುವಾಗ ಬೆಳೆದಿತ್ತು: ನೇಸರಿಯ ತವರಿಗೆ ಒಯ್ಯುತ್ತಾಳಂತೆ, ಅಲ್ಲಿ ಅದಕ್ಕೇನೋ ಮಾಡಿಸುತ್ತಾರಂತೆ. ಒಂದು ಸಂಜೆ ಪಾಸ್ಟರ್ ನಿಲೇಶ ಮನೆಗೆ ಬಂದ. ಕೊಲ್ಲಾಪುರದಲ್ಲಿ ಕಲಿತು ಬಂದವನು, ಅವಳಿಗಿಂತ ಚಿಕ್ಕವನು, ಒಳ್ಳೆಯವನು. ಆ ಒಳ್ಳೆಯತನದ ಎದುರು ಕೂರುವುದೇ ಅವಳಿಗೆ ಕಷ್ಟವಾಗಿತ್ತು. "ಅಕ್ಕಾರ, ಇದು ಮನಿಗೆ ಒಯ್ದು ಒಬ್ಬರ ತಿನ್ನೂದಲ್ಲರಿ. ಕೂಡಿ ಮುರಿಯೂ ರೊಟ್ಟಿ," ಎಂದ. ಅವಿನಾಶ ನೆಲ ನೋಡುತ್ತ, ಯಾಕೆ ಅಂತಾದರೂ ಹೇಳು ಎಂದ. ಅವಳು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿದಳು. ಆಮೇಲೆ, "ಹೊತ್ತು ಮುಳಗಿರತೈತ್ರಿ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಸಂಜೆ ದೀಪ ಹಚ್ಚುವ ಮೊದಲು ಅವಳು ಉಂಡು ತಾಟು ತೊಳೆದಿಡುವುದನ್ನು ಆ ಮನೆ ಎಷ್ಟೋ ವರ್ಷಗಳಿಂದ ನೋಡಿತ್ತು. ಹುಟ್ಟಿದ ಮನೆಯ ರೂಢಿ, ಇರಲಿ ಎಂದು ಬಿಟ್ಟಿತ್ತು. ಆದರೆ ಮೇಜಿನ ಮೇಲಿನ ಚೂರು ಅವರಿಗೆ ಊಟವಲ್ಲ, ಅದಕ್ಕೇ ಎರಡನ್ನೂ ಯಾರೂ ಕೂಡಿಸಿ ನೋಡಿರಲಿಲ್ಲ. ಅವಳಿಗೆ ಬಾಯೊಳಗೆ ಇಳಿದದ್ದೆಲ್ಲ ಊಟವೇ. ಮಗ್ಗದವರ ಪಾಳಿ ಬಿಡುವುದೇ ಕತ್ತಲಾದ ಮೇಲೆ, ಸಭೆ ಸೇರುವುದು ಅದರ ಮೇಲೆ. ಅತ್ತೆ ಚೆನ್ನವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದವಳು ಒಮ್ಮೆಲೇ ನಕ್ಕಳು. "ಇಷ್ಟ ಏನವಾ? ಆ ಹೀರಿ ಮಾತ ಕೇಳಿ ನಾ ಎಲ್ಲಿ ನನಗ ಮಾಟಾ ಮಾಡಸಾಕತ್ತಾಳೋ ಅಂದಕೊಂಡಿದ್ದೆ." ಪಾಸ್ಟರ್ ನಗಲಿಲ್ಲ. ನಿಯಮದ ಕಾಲ ಮುಗಿಯಿತು, ಈಗ ಇರುವುದು ನಂಬಿಕೆಯ ಕಾಲ ಎಂದು ಮೆಲ್ಲಗೆ, ಜ್ವರ ಬಂದವರಿಗೆ ಹೇಳುವಂತೆ ಹೇಳಿದ. ಅವಿನಾಶನನ್ನು ಸಭೆಯ ಹಿರಿಯನನ್ನಾಗಿ ನಿಲ್ಲಿಸಬೇಕೆಂದು ಎಲ್ಲರ ಮನಸ್ಸಿದೆ, ಅದಕ್ಕೆ ಮೊದಲು ಮನೆ ಸರಿಯಿರಬೇಕು ಎಂದ. ಕೊನೆಗೆ ತನಗೇ ಹೊಳೆದ ದಯೆಯಿಂದ ಮುಖ ಅರಳಿಸಿ, "ಹಂಗಾರ ಮುಂದಿನ ಸಲ ಹೊತ್ತಿರತಾನ ಮೇಜು ಹಾಕೂಣ. ನಿಮ್ಮ ಸಲುವಾಗಿ. ಬೆಳಕಿನ್ಯಾಗನೂ ನಿಮ್ಮ ಕೈ ಏಳಲಿಲ್ಲಂದ್ರ ಆಗ ಅದು ಹೊತ್ತಿನ ಮಾತಲ್ಲ, ನಂಬಿಕಿ ಮಾತು. ಮೇಜಿನಿಂದ ದೂರ ಕುಂದರಬೇಕಾಗತೈತಿ," ಎಂದು ಎದ್ದಿದ್ದ.

ನಂಬಿಕೆ. ಅವಳಿಗೆ ಅದು ಇಲ್ಲವೆಂದು ಯಾರು ಹೇಳಿದರು? ಮೊದಲ ಗರ್ಭ ಇಳಿದುಹೋದಾಗ ಇದೇ ಚೆನ್ನವ್ವ ಕಾಂಡಿ ಯಂತ್ರದಲ್ಲಿ ನೂಲು ಸುತ್ತಿ ಸುತ್ತಿ ಸೀಳು ಬಿಟ್ಟ ಬೆರಳುಗಳನ್ನು ಅವಳ ಹೊಟ್ಟೆಯ ಮೇಲಿಟ್ಟು ಯೇಸುವಿನ ಹೆಸರು ಕರೆದಿದ್ದಳು, ಬೇಡಿಕೆಯೇನೂ ಇಲ್ಲದೆ, ಬರೀ ಹೆಸರು, ಆಚೆಮನೆಯವರನ್ನು ಕರೆಯುವ ಹಾಗೆ. ಯಾರೋ ಬಂದು ಹತ್ತಿರ ಕೂತಂತಾಗಿತ್ತು. ಅದು ಸುಳ್ಳಲ್ಲ. ಆಮೇಲೆ ದೀಕ್ಷೆಗೆಂದು ಪಂಚಗಂಗೆ ಹೊಳೆಯಲ್ಲಿ ಮುಳುಗಿಸಿದರು. ತಲೆ ನೀರೊಳಗೆ ಹೋದಾಗ ಬಾಯಿ ತೆರೆದುಹೋಗಿ ಸೋಸದ ನೀರು ಗಂಟಲಿಗಿಳಿಯಿತು; ದಂಡೆಯ ಮೇಲೆ ಎಲ್ಲರೂ ಹಾಡುತ್ತಿದ್ದಾಗ ಅವಳು ಕೆಮ್ಮುತ್ತ, ಕಣ್ಣಿಗೆ ಕಾಣದ ಎಷ್ಟು ಜೀವ ಒಳಗೆ ಹೋದವೋ ಎಂದುಕೊಳ್ಳುತ್ತಿದ್ದಳು. ಹೀರಾಬಾಯಿ ಅವಳ ಬೆನ್ನು ಸವರಿ, ಹಳೇದೆಲ್ಲ ಹೊಳೀಗೆ ಹೋತು ಎಂದಿದ್ದಳು. ಅದೇ ಹೀರಾಬಾಯಿ ಮರುವಾರದಿಂದ ಕುಂಕುಮ ಬೇಡ, ಬಸದಿಯ ಮೆಟ್ಟಿಲು ತುಳಿಯಬೇಡ, ಪ್ರಸಾದ ಮುಟ್ಟಬೇಡ ಎಂದು ಒಂದೊಂದೇ ಕಲಿಸಿದಳು. ನಿಯಮದ ಕಾಲ ಮುಗಿದಿದ್ದರೆ ಇವೆಲ್ಲ ಏನು ಎಂದು ನೂತನ ಕೇಳಲಿಲ್ಲ. ಕೇಳುವ ರೂಢಿ ಅವಳಿಗಿರಲಿಲ್ಲ.

ರಾತ್ರಿ ಗಂಟಿನಲ್ಲಿದ್ದ ಚೂರನ್ನು ಅವಳು ಮರುದಿನ ಮಾಳಿಗೆಗೆ ಒಯ್ದು, ತಗಡಿನ ಶೆಡ್ಡುಗಳ ಮೇಲೆ ಹೊತ್ತು ಚೆನ್ನಾಗಿ ಏರಿದ ಮೇಲೆ ತಿನ್ನುತ್ತಿದ್ದಳು. ಒಣಗಿ ತೌಡಿನ ಹಾಗಾಗಿರುತ್ತಿತ್ತು. ರಾತ್ರಿ ಕಳೆದ ತಿನಿಸು ತಂಗಳು, ತವರಿನ ಲೆಕ್ಕದಲ್ಲಿ ಅದೂ ನಿಷಿದ್ಧ. ಹುಳಿಹಿಟ್ಟಿನ ಪಾವಂತೂ ಹಗಲಲ್ಲೂ ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಒಂದು ನಿಯಮ ಉಳಿಸಿಕೊಳ್ಳಲು ಇನ್ನೆರಡನ್ನು ಮುರಿಯುತ್ತಿದ್ದೇನೆ ಎಂದು ಗೊತ್ತಿದ್ದೂ ಅವಳು ಅದನ್ನು ನಿಧಾನವಾಗಿ ಅಗಿಯುತ್ತಿದ್ದಳು. ಆಗ ಮಾತ್ರ, ಒಣಹಾಕಿದ ಸೀರೆಗಳ ನಡುವೆ ಕೂತಾಗ ಮಾತ್ರ, ಆ ಯಾರೋ ಮತ್ತೆ ಬಂದು ಹತ್ತಿರ ಕೂತಂತಾಗುತ್ತಿತ್ತು.

ಇವತ್ತು ಮನೆಗೆ ಬಂದು ಕೈಕಾಲು ತೊಳೆದಳು. ಅವಿನಾಶ ಆಗಲೇ ಬಂದು ಬಿಳಿ ಅಂಗಿ ಇಸ್ತ್ರಿ ಮಾಡುತ್ತಿದ್ದ. ಫೌಂಡ್ರಿಯ ಕಪ್ಪು ಅವನ ಉಗುರುಗಳ ಸುತ್ತ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಒಲೆಯ ಹತ್ತಿರ ಹೋಗಿ ಬೇರೇನಾದರೂ ತಿಂದುಕೊಳ್ಳಲೇ ಎಂದುಕೊಂಡಳು, ತಿನ್ನಲಿಲ್ಲ. ಫೋನು ಬಂತು. ದಿನವೂ ಈ ಹೊತ್ತಿಗೆ ಬರುತ್ತದೆ. ನೇಸರಿಯಿಂದ ತಾಯಿ ಚಂಪಾಬಾಯಿ, ಅಪ್ಪ ಜಿನಗೊಂಡ ಹಾಲು ಹಾಕಿ ಬರಲು ಡೇರಿಗೆ ಹೋದಾಗ, ಅವನಿಗೆ ತಿಳಿಯದ ಹಾಗೆ. ಮಗಳು ನೀರಿಗಿಳಿದ ಸುದ್ದಿ ಗಡಹಿಂಗ್ಲಜದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ ದಿನದಿಂದ ಅಪ್ಪ ಅವಳ ಹೆಸರು ಎತ್ತಿಲ್ಲ. ತಾಯಿ ಯೇಸುವಿನ ವಿಷಯ ಒಂದು ದಿನವೂ ಕೇಳಿಲ್ಲ. ಕೇಳುವುದು ಒಂದೇ ಮಾತು, ಊಟದ್ದು.

"ಜೇವಣ ಆತೇನ್ ಬಾಳಾ?"

"ಆತು ಆಯಿ."

"ಹೊತ್ತಿರತಾನ?"

"ಹೂಂ."

ಆಮೇಲೆ ತಾಯಿ ಠೇವತೇ ಎಂದು ಫೋನು ಇಡುತ್ತಾಳೆ. ಇವತ್ತೂ ಇಟ್ಟಳು. ಸುಳ್ಳು ಹೇಳಿದೆ ಎಂದು ನೂತನಳಿಗೆ ಇಟ್ಟ ಮೇಲೆ ಹೊಳೆಯಿತು, ಇವತ್ತು ಇನ್ನೂ ಉಂಡಿರಲಿಲ್ಲ. ಚಿಕ್ಕವಳಿದ್ದಾಗ ಒಂದು ರಾತ್ರಿ ಜ್ವರದಲ್ಲಿ ಮೈ ಸುಡುತ್ತಿತ್ತು. ಡಾಕ್ಟರು ಕೊಟ್ಟ ಗುಳಿಗೆಯನ್ನು ತಾಯಿ ಅಂಗೈಯಲ್ಲಿ ಹಿಡಿದುಕೊಂಡು, ಐದು ನಮಸ್ಕಾರಗಳನ್ನು ಪ್ರಾಕೃತದಲ್ಲಿ ಹೇಳುತ್ತ ಹೇಳುತ್ತ, ಒಮ್ಮೆಲೇ ನಿಲ್ಲಿಸಿ, ಅವಳ ಬಾಯಿ ತೆರೆಸಿ ಹಾಕಿ ನೀರು ಹೊಯ್ದಿದ್ದಳು. ಮರುದಿನ ತಾಯಿ ಉಣ್ಣಲಿಲ್ಲ. ಅಪ್ಪ ಕೇಳಿದ್ದಕ್ಕೆ, ಹುಡುಗಿ ನುಂಗಲಿಲ್ಲ, ನಾ ನುಂಗಿಸಿದೆ, ಪಾಪ ನಂದು ಎಂದಳು. ಜ್ವರ ಇಳಿದ ಹುಡುಗಿ ಹಾಸಿಗೆಯಿಂದ, ತಾಯಿ ಎಲ್ಲರಿಗೂ ಬಡಿಸಿ ತಾಟುಗಳನ್ನು ತಿಕ್ಕುವುದನ್ನು ನೋಡಿದಳು. ನೂತನ ಅಂದಿನಿಂದ ಹೊತ್ತು ಮುಳುಗಿದ ಮೇಲೆ ತುತ್ತಿಗೆ ಬಾಯಿ ತೆರೆದಿಲ್ಲ. ಅದು ಬಸದಿಯ ನಿಯಮವೋ, ತಾಯಿಯ ಆ ದಿನದ ಹಸಿವೋ, ಅವಳೇ ಬಿಡಿಸಿ ನೋಡಿರಲಿಲ್ಲ. ಪಾಸ್ಟರ್ ಮುಗಿಯಿತೆಂದದ್ದು ಯಾವುದು? ಮೊದಲನೆಯದು ಮುಗಿಯಬಹುದು.

ಮಗ್ಗದ ಶೆಡ್ಡಿನ ಮೇಲಿನ ಕೋಣೆಯೇ ಸಭೆ. ಮೆಟ್ಟಿಲೇರುವಾಗ ಕೆಳಗಿನ ಮಗ್ಗಗಳ ಅದುರು ಅಂಗಾಲಿಗೆ ತಾಕುತ್ತದೆ, ಹಾಡಿನ ತಾಳಕ್ಕೂ ಅದಕ್ಕೂ ಕೆಲವೊಮ್ಮೆ ಕೂಡಿಬರುತ್ತದೆ. ಪಡುವಣ ಕಿಟಕಿಯಿಂದ ಬಿಸಿಲು ಕೋಣೆಯ ತುಂಬ ಬಿದ್ದಿತ್ತು; ಈ ಕೋಣೆಯನ್ನು ಹಗಲಲ್ಲಿ ಅವಳು ನೋಡಿದ್ದು ಇದೇ ಮೊದಲು. ಗೋಡೆಯ ಸುಣ್ಣ ಎದ್ದಿತ್ತು, ಮೇಜಿನ ಬಿಳಿಬಟ್ಟೆಯ ಅಂಚಿನಲ್ಲಿ ಒಂದು ಎಳೆ ತಪ್ಪಿತ್ತು. ಅರ್ಧ ಚಾಪೆಗಳು ಖಾಲಿ. ಪಾಳಿ ಬಿಟ್ಟು ಬರಲು ಎಲ್ಲರಿಗೂ ಆಗುವುದಿಲ್ಲವೆಂದು ಅವಳು ಯೋಚಿಸಿಯೇ ಇರಲಿಲ್ಲ. ಬಂದವರು ಅವಳ ಕಡೆ ತಿರುಗಿ, ನೋಡಲಿಲ್ಲವೆಂಬಂತೆ ಮತ್ತೆ ಮುಂದೆ ನೋಡಿದರು. ಚೆನ್ನವ್ವ ಬಂದಿರಲಿಲ್ಲ. ಕಾಂಡಿ ಯಂತ್ರಕ್ಕೆ ಅವಳ ಬದಲಿಗೆ ನಿಲ್ಲಲು ಒಪ್ಪಿದ್ದ ಹೆಂಗಸು ಕೆಲಸಕ್ಕೇ ಬರಲಿಲ್ಲವಂತೆ ಎಂದು ಅವಿನಾಶ ಕಿವಿಯಲ್ಲಿ ಹೇಳಿ, ಮುಂದಿನ ಸಾಲಿಗೆ ಹೋಗಿ ಕೂತ. ಮಾಯಪ್ಪ ಮಾವ ತೀರಿಕೊಂಡ ವಾರವೂ ತಪ್ಪಿಸದವಳು ಅತ್ತೆ. ಮಣ್ಣು ಕೊಟ್ಟು ಬಂದ ಕಾಲಲ್ಲೇ ಈ ಮೆಟ್ಟಿಲು ಹತ್ತಿದ್ದಳು.

ನಿಲೇಶ ಇವತ್ತು ಅವಳಿಗಾಗಿಯೇ ಮಾತಾಡಿದ, ಅವಳ ಹೆಸರು ಎತ್ತದೆ. ನಿಯಮ ಅಂದರೆ ನಮ್ಮೂರಿನ ಗಾಜಿನ ಮೇಜು ಇದ್ದ ಹಾಗೆ ಎಂದ. ಕೆಳಗೆ ದೀಪ ಹಚ್ಚಿ ಬಟ್ಟೆ ಎಳೆದರೆ ತಪ್ಪಿದ ಎಳೆ ಕಾಣುತ್ತದೆ, ಹರಕು ಕಾಣುತ್ತದೆ. ಮೇಜು ಒಂದು ಎಳೆಯನ್ನಾದರೂ ಸರಿಮಾಡಿದ್ದನ್ನು ಯಾರಾದರೂ ನೋಡಿದ್ದೀರಾ? ತೋರಿಸುವುದಷ್ಟೇ ಅದರ ಕೆಲಸ. ಹೊಲಿಯುವವನು ಬೇರೆ. ಅವನು ಬಂದ ಮೇಲೆ ಮೇಜಿಗೆ ಕೈಮುಗಿದುಕೊಂಡು ಕೂತರೆ ಅವನಿಗೆ ಬೆನ್ನು ತೋರಿಸಿದಂತೆ. ಜನ ಹೌದ್ರಿ ಹೌದ್ರಿ ಎಂದರು. ಮಾತು ಚೆನ್ನಾಗಿತ್ತು. ನೂತನ ತನ್ನ ಮೇಜನ್ನು ನೆನೆದಳು, ಅದರ ಬೆಳಕಿನಲ್ಲಿ ಕಣ್ಣು ಉರಿಯುವುದನ್ನು, ಸೂಜಿ ಹಿಡಿದ ತನ್ನ ಕೈಯನ್ನು. ಆ ಬೆಳಕು ಇಲ್ಲದೆ ಸೂಜಿ ಎಲ್ಲಿ ಚುಚ್ಚಬೇಕೆಂದು ಹೇಗೆ ಗೊತ್ತಾಗುತ್ತದೆ? ಆದರೆ ಇದು ಎದ್ದು ಹೇಳುವ ಮಾತಲ್ಲ. ಹೇಳಿದರೂ ಅವನ ಬಳಿ ಉತ್ತರವಿರುತ್ತದೆ, ಒಳ್ಳೆಯ ಉತ್ತರ, ಮತ್ತು ಅವಳು ತಲೆ ಆಡಿಸುತ್ತಾಳೆ.

ಪಾವು ಮುರಿದು ತಟ್ಟೆ ತಂದರು. ಸಾಲು ಸರಿಯುತ್ತ ಅವಳ ಮುಂದೆ ನಿಂತಿತು. ನಿಲೇಶನ ಕೈ ಬಿಸಿಲಿನಲ್ಲಿತ್ತು, ಬೆರಳ ಮೇಲಿನ ಕೂದಲು ಕೂಡ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಅವಿನಾಶನ ಬೆನ್ನು, ಇಸ್ತ್ರಿಯ ಗೆರೆಗಳು. ಅವಳು ತಗೊಂಡಳು. ಬಾಯಿಗೆ ಹಾಕಿದಳು. ಕೈ ಎದ್ದಿತು, ಏನೂ ತಡೆಯಲಿಲ್ಲ. ಅಗಿದಳು. ಬೇಕರಿಯ ಪಾವು, ಸ್ವಲ್ಪ ಹುಳಿ, ಹಲ್ಲಿನ ಸಂದಿಗೆ ಅಂಟಿತು. ರಸವನ್ನು ಪೂರ್ತಿ ಕುಡಿದಳು. ಯಾರೂ ಬಂದು ಹತ್ತಿರ ಕೂರಲಿಲ್ಲ. ಹಿಂದಿನಿಂದ ಹೀರಾಬಾಯಿ ಸ್ತೋತ್ರ ಎಂದು ನಿಟ್ಟುಸಿರಿಟ್ಟಳು. ಇದಕ್ಕೇ ಇಷ್ಟು ತಿಂಗಳು ಹೆದರಿದ್ದೆನೇ ಎಂದು ಅವಳು ಹುಡುಕಿದಳು, ಹೆದರಿಕೆಯೂ ಇರಲಿಲ್ಲ. ಹೊತ್ತು ಇತ್ತು, ನಿಯಮ ಮುರಿಯಲಿಲ್ಲ. ಸಭೆ ಒಪ್ಪಿತು, ನಂಬಿಕೆ ಉಳಿಯಿತು. ಎರಡೂ ಕಡೆಯಿಂದ ಸರಿಯಾಗಿತ್ತು. ಎರಡೂ ಕಡೆಯಿಂದ ಸರಿಯಾದ ಜಾಗದಲ್ಲಿ ಅವಳೊಬ್ಬಳು ಕೂತಿದ್ದಳು.

ಅವಿನಾಶನನ್ನು ಹಿರಿಯನನ್ನಾಗಿ ನಿಲ್ಲಿಸಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅವನು ಅತ್ತ. ಅವನು ಅಳುವುದನ್ನು ಅವಳು ದೂರದ ಬಸ್ಸಿನ ಕಿಟಕಿಯಲ್ಲಿ ನೋಡುವಂತೆ ನೋಡಿದಳು. ಪ್ರಾರ್ಥನೆ ಮುಗಿಯುವಾಗ ಕಿಟಕಿಯ ಕೆಂಪು ಆರಿತ್ತು. ಯಾರೋ ಟ್ಯೂಬ್‌ಲೈಟು ಹಾಕಿದರು. ಆಶೀರ್ವಾದವಾಯಿತು. ಉಳಿದ ಚೂರುಗಳ ಮೇಲೆ ನಿಲೇಶ ಬಿಳಿಬಟ್ಟೆ ಮುಚ್ಚಿದ, ಹೀರಾಬಾಯಿ ಲೋಟ ಕೂಡಿಸತೊಡಗಿದಳು. ಜನ ಅವಿನಾಶನ ಕೈ ಕುಲುಕುತ್ತಿದ್ದಾಗ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು.

ಚೆನ್ನವ್ವನ ತಲೆಯ ತುಂಬ ಹತ್ತಿಯ ಧೂಳು. ಓಡಿ ಬಂದಿರಬೇಕು, ಒಂದು ಕೈ ಪಕ್ಕೆಯ ಮೇಲಿತ್ತು. ಮೇಜು ನೋಡಿದಳು, ಬಟ್ಟೆ ಮುಚ್ಚಿದ್ದು ನೋಡಿದಳು. "ಆತೇನು?" ಎಂದಳು. ಆತು ಅತ್ತೀ ಎಂದಳು ನೂತನ. "ಹೋಗಲಿ ತಗೋ. ಮುಂದಿನ ತಿಂಗಳ ಬರತೈತಿ, ಎಲ್ಲಿ ಓಡಿ ಹೊಕ್ಕೈತಿ ಅದು?" ಎಂದು ನಕ್ಕು, ಮಗನ ಕೆನ್ನೆ ಸವರಿ, ಗೋಡೆಯ ಪಕ್ಕದ ಚಾಪೆಯ ಮೇಲೆ ಕುಸಿದು ಕೂತಳು. ಕೂತ ಮೇಲೆ ಅವಳ ಎರಡೂ ಕೈ, ಅವಳಿಗೇ ತಿಳಿಯದೆ, ಅಂಗೈ ಮೇಲಾಗಿ ಮಡಿಲಿಗೆ ಬಂದವು. ಮೇಜಿನ ದಿನ ಹಾಗೆ ಕೂತೇ ರೂಢಿ. ನಿಲೇಶ ಹತ್ತಿರ ಬಂದು ಬಾಗಿ, ಬೇಜಾರು ಮಾಡ್ಕೋಬ್ಯಾಡ ಅವ್ವಾ, ಆಶೀರ್ವಾದ ಆಗಿಬಿಟ್ಟಿದೆ, ಮುಗಿದ ಮೇಲೆ ಕೊಡುವ ಹಾಗಿಲ್ಲ, ಒಂದು ಕ್ರಮ ಅಂತ ಇರುತ್ತದಲ್ಲ ಎಂದ. ಚೆನ್ನವ್ವ ಹೌದ್ರಿ ಹೌದ್ರಿ ಎಂದಳು. ಕೈಗಳು ಮಾತ್ರ ಹಾಗೇ ಇದ್ದವು. ನೂಲು ಕೊಯ್ದ ಗೆರೆಗಳಲ್ಲಿ ಎಣ್ಣೆಯ ಕಪ್ಪು ಕೂತಿತ್ತು.

ಕ್ರಮ ಎಂಬ ಮಾತು ನೂತನಳ ಕಿವಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಈ ಖಾಲಿ ಕೈಗಳು ತನ್ನ ಬಾಯಿಯ ಸಲುವಾಗಿ, ಮೇಜನ್ನು ಹಗಲಿಗೆ ತಂದದ್ದಕ್ಕೆ, ಖಾಲಿ ಎಂದು ಅವಳಿಗೆ ತಿಳಿಯಿತು. ತಿಳಿದದ್ದು ನೋವಾಗಿ ಅಲ್ಲ, ಬಟ್ಟೆಯ ಮೇಲೆ ಬೆರಳು ನಿಂತ ಹಾಗೆ. ಎದ್ದಳು. ಮೇಜಿನವರೆಗೆ ಹೋಗಿ ಬಟ್ಟೆ ಸರಿಸಿದಳು. "ಏ ಏ, ಏನ ಮಾಡಾಕತ್ತಿ?" ಎಂದಳು ಹೀರಾಬಾಯಿ, ಲೋಟಗಳನ್ನು ಎದೆಗೊತ್ತಿಕೊಂಡು. ಅವಿನಾಶ ತಿರುಗಿದ. ಅವನ ಹೊಸ ಮುಖದ ಮೇಲೆ ಹಳೆಯ ಭಯ ಬಂದು ಕೂತಿತು. ನಿಲೇಶ ಒಂದು ಹೆಜ್ಜೆ ಮುಂದಿಟ್ಟು ನಿಂತ. ಅವಳು ಒಂದು ಚೂರು ತಗೊಂಡು ಬಂದು ಅತ್ತೆಯ ಮುಂದೆ ಮೊಣಕಾಲೂರಿ ಕೂತಳು.

ಚೆನ್ನವ್ವ ಚೂರನ್ನು ನೋಡಲಿಲ್ಲ, ಸೊಸೆಯನ್ನು ನೋಡಿದಳು, ಆಮೇಲೆ ಕಿಟಕಿಯನ್ನು. ಅಲ್ಲಿ ಕತ್ತಲೆ ಮತ್ತು ಟ್ಯೂಬ್‌ಲೈಟಿನ ಪ್ರತಿಬಿಂಬ.

"ನಂದೊಬ್ಬಾಕಿದ? ನಿಂದೆಲ್ಲಿ?" ಎಂದಳು. ಮರುಕ್ಷಣ ತಾನೇ ತಲೆ ಆಡಿಸಿ, ತಪ್ಪು ಮಾತಾಡಿದವಳಂತೆ ದನಿ ಇಳಿಸಿದಳು. "ಬ್ಯಾಡ ಬ್ಯಾಡ. ನಿಂದು ಹೊತ್ತು ಮುಳಗೇತಿ. ಕೊಡು, ನಾ ಒಬ್ಬಾಕಿನ ತಿಂತೀನಿ."

ನೂತನ ಚೂರನ್ನು ಎರಡು ಮಾಡಿದಳು. ಒಂದನ್ನು ಆ ಅಂಗೈಯ ಮೇಲಿಟ್ಟಳು. ಇನ್ನೊಂದನ್ನು ತನ್ನ ಬಾಯಿಗೆ ಹಾಕಿಕೊಂಡಳು. ಏನಾದರೂ ಆಗಬಹುದೆಂದು ಕಾದಳು, ಒಳಗೆ ಏನೂ ಅಲುಗಲಿಲ್ಲ, ಭಯವೂ ಇಲ್ಲ ಬೆಳಕೂ ಇಲ್ಲ. ನಾಲಿಗೆ ಒಣಗಿತ್ತು, ಚೂರು ಅಲ್ಲೇ ಕೂತಿತ್ತು. ದವಡೆಯ ಹಲ್ಲಿಲ್ಲದ ಚೆನ್ನವ್ವ ಮುಂದಿನ ಹಲ್ಲುಗಳಿಂದ ನಿಧಾನವಾಗಿ ಅಗಿಯುತ್ತಿದ್ದಳು, ಕಣ್ಣು ಸೊಸೆಯ ಮೇಲಿಟ್ಟು. ಕೆಳಗೆ ಮಗ್ಗಗಳು ಬಡಿಯುತ್ತಿದ್ದವು. ನೂತನ ಅವಸರ ಮಾಡಲಿಲ್ಲ. ಮುದುಕಿಯ ಗಂಟಲು ಒಮ್ಮೆ ಏರಿ ಇಳಿಯುವವರೆಗೆ ಬಾಯಲ್ಲಿ ಹಿಡಿದುಕೊಂಡಿದ್ದು, ಇಳಿದದ್ದನ್ನು ನೋಡಿ, ತಾನೂ ನುಂಗಿದಳು.